ಹೊಸ್ತಿಲ ಮೇಲಿನ ಸುಣ್ಣದ ಗುರುತು

ನಾನು ಆ ಮನೆಗೆ ಹೋಗಿದ್ದು ಜಗಳಕ್ಕೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಆಡಿಕೊಳ್ಳುವುದುಂಟು, ಆದರೆ ಆ ದಿನ ಅದಕ್ಕೆ ತಕ್ಕ ಕಾರಣವಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನು ಆರೋಗ್ಯ ಇಲಾಖೆಯಲ್ಲಿ ಕಿರಿಯ ಸಹಾಯಕಿ. ಪೋಲಿಯೊ ಹನಿ ಹಾಕಲು ಮನೆಮನೆಗೆ ಹೋಗುವ ಕೆಲಸ ಆಗಷ್ಟೇ ಶುರುವಾಗಿತ್ತು. ಹನಿ ಹಾಕಿದ ಮನೆಗೆ ಸೀಮೆಸುಣ್ಣದಲ್ಲಿ ಒಂದು ಗುರುತು, ಮಗು ಸಿಗದೆ ಮತ್ತೆ ಹೋಗಬೇಕಾದ ಮನೆಗೆ ಇನ್ನೊಂದು ಗುರುತು. ಮರುದಿನ ಮೇಲಿನವರು ಬಂದು ಆ ಗುರುತುಗಳನ್ನು ನೋಡಿ, ನಾವು ನಿಜವಾಗಿ ಹೋಗಿದ್ದೆವೋ ಇಲ್ಲವೋ ಎಂದು ತಾಳೆ ನೋಡುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನ ಒಂದು ಸಾಲು. ಅಲ್ಲಿ ಎಲ್ಲ ಮನೆಗೂ ತೇಗದ ಬಾಗಿಲು. ನಾನು ಸೀಮೆಸುಣ್ಣ ಎತ್ತಿದರೆ ಸಾಕು, ಒಳಗಿಂದ ಓಡಿ ಬರುತ್ತಿದ್ದರು. “ಮೊನ್ನೆ ಪಾಲಿಶ್ ಮಾಡ್ಸೀವಿ, ಬಾಗಿಲ ಮ್ಯಾಲೆ ಬರೀಬ್ಯಾಡ್ರಿ.” ಗೋಡೆಗೆ ಬರೆದರೆ ಬಣ್ಣ ಕೆಡುತ್ತದೆ ಎಂಬ ತಕರಾರು ಬೇರೆ. ಯಾರ ತಂಟೆಯೂ ಬೇಡವೆಂದು ನಾನು ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಮೇಲೆ ಗುರುತು ಹಾಕುತ್ತಾ ಹೋದೆ. ಬೆಳಿಗ್ಗೆ ಮೇಲಿನವರು ಬಂದಾಗ ಇಡೀ ಸಾಲಿನಲ್ಲಿ ಒಂದು ಗುರುತೂ ಇರಲಿಲ್ಲ. ಹತ್ತು ಜನರ ಮುಂದೆ ನನ್ನನ್ನು ನಿಲ್ಲಿಸಿ, ನಿನ್ನೆ ಮನೆಯಲ್ಲಿ ಮಲಗಿದ್ದೆಯಾ ಎಂದು ಕೇಳಿದರು. ಲಿಖಿತ ವಿವರಣೆ ಕೊಡು ಎಂದೂ ಹೇಳಿದರು.

ನಾನು ಮೊಪೆಡ್ ಹತ್ತಿ ಸೀದಾ ಆ ಸಾಲಿನ ಮೊದಲ ಮನೆಗೆ ಹೋದೆ. ಬಾಗಿಲು ತೆಗೆದದ್ದು ಆ ಮನೆಯ ಸೊಸೆ. ಅವರಿಗೇ ಐವತ್ತರ ಮೇಲಿತ್ತು. ನಾನು ನಿನ್ನೆ ಬಂದಿದ್ದಕ್ಕೆ ನೀವೇ ಸಾಕ್ಷಿ, ಗುರುತು ಯಾಕೆ ಅಳಿಸಿದಿರಿ ಎಂದು ನಿಂತಲ್ಲೇ ಶುರುಮಾಡಿದೆ. ಆಕೆಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ.

“ಅಳ್ಸಿಲ್ರೀ. ದಿನಾ ತೊಳ್ದಂಗೆ ಹೊಸ್ತಿಲು ತೊಳ್ದೆ,” ಎಂದರು.

ಒಳಗೆ ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದ ಅಜ್ಜಿ, ಅಂದರೆ ಆಕೆಯ ಅತ್ತೆ, ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ವಯಸ್ಸು ತೊಂಬತ್ತಕ್ಕೆ ಹತ್ತಿರ. ಹಣೆಯ ಮೇಲೆ ವಿಭೂತಿ, ಕಿವಿ ಚುರುಕು. ಅವರು ಸೊಸೆಯನ್ನು ಸುಮ್ಮನಿರಿಸಿ ನನ್ನನ್ನು ಕರೆದರು.

“ಬಾರವ್ವ, ಕೂತ್ಕ. ತಪ್ಪು ಅಕೀದಲ್ಲ, ನಿಂದು. ಹೊಸ್ತಿಲ ಮ್ಯಾಲೆ ಬರದ್ರೆ ಯಾವ ಹೆಣ್ಮಗಳು ಬಿಡ್ತಾಳ? ನೀನು ಯಾವೂರಕಿ?”

ನಾನು ಇದೇ ಊರಿನವಳು ಎಂದೆ. ಹಾಗೆನ್ನುವಾಗಲೇ ನನಗೆ ನಾಚಿಕೆಯಾಯಿತು. ಆ ದಿನ ಬೆಳಿಗ್ಗೆ ನಾನೂ ನಮ್ಮ ಮನೆಯ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ರಂಗೋಲಿ ಎಳೆದೇ ಕೆಲಸಕ್ಕೆ ಬಂದಿದ್ದೆ.

ಸೊಸೆ ಒಗ್ಗರಣೆ ಮಂಡಕ್ಕಿ ತಂದಿಟ್ಟು, ಅತ್ತೆಯ ಮೇಲಿನ ದೂರನ್ನೂ ಜೊತೆಗೇ ಬಡಿಸಿದರು. “ನಮ್ಮತ್ತೆ ಹೊಸ್ತಿಲಿನ ಬಗ್ಗೆ ಭಾರೀ ಹೇಳ್ತಾರೆ. ನಾನು ಮದುವಿಯಾಗಿ ಬಂದಾಗ್ಲಿಂದ ನೋಡೀನಿ, ಕಸ ಮುಸುರಿ ಎಲ್ಲಾ ಮಾಡ್ಯಾರೆ, ಒಂದಿನನೂ ಹೊಸ್ತಿಲು ಮುಟ್ಟಿಲ್ಲ.”

ಸೊಸೆ ಒಳಗೆ ಹೋದ ಮೇಲೆ ಅಜ್ಜಿ ನನ್ನ ಕೈಯಲ್ಲಿದ್ದ ಸೀಮೆಸುಣ್ಣವನ್ನು ಇಸಿದುಕೊಂಡು ಬೆರಳಲ್ಲಿ ತಿರುಗಿಸುತ್ತಾ ಕೂತರು. ಆಮೇಲೆ ಹೇಳಿದ್ದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲವಂತೆ.

ಅವರ ತವರು ಹರಿಹರ. ಹೊಳೆಯ ಕಡೆಗೆ ಇಳಿಯುವ ಒಂದು ಓಣಿ. ತಂದೆ ಊರಿನ ಆರೋಗ್ಯದ ಕಚೇರಿಯಲ್ಲಿ ಜಮಾದಾರ. ಚರಂಡಿಗೆ ಸುಣ್ಣ ಹಾಕಿಸುವುದು, ಸಂತೆಯಲ್ಲಿ ಕೊಳೆತ ಹಣ್ಣು ಎಸೆಯಿಸುವುದು ಅವರ ಕೆಲಸ. ಅಜ್ಜಿಗೆ ಎಂಟು ವರ್ಷವಿದ್ದಾಗ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಆ ದೊಡ್ಡ ಇನ್‌ಫ್ಲುಯೆಂಜಾ ಬಂತು. ಜನ ಅದನ್ನು ಯುದ್ಧದ ಜ್ವರ ಎಂದರು. ಒಂದೊಂದು ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಲಗಿಬಿಡುತ್ತಿದ್ದರು. ಜ್ವರಕ್ಕಿಂತ ಹೆಚ್ಚಾಗಿ ಒಂದು ಲೋಟ ನೀರು ಕೊಡುವವರಿಲ್ಲದೆ ಸತ್ತರು ಎಂದು ಅಜ್ಜಿ ಹೇಳಿದರು.

ಕಚೇರಿಯವರು ತಮ್ಮ ಕೈಲಾದದ್ದನ್ನು ಮಾಡಿದರು. ಛತ್ರದಲ್ಲಿ ಗಂಜಿ ಕಾಯಿಸಿ, ದೊಡ್ಡ ಹಂಡೆಗಳಲ್ಲಿ ತುಂಬಿ, ಮಧ್ಯಾಹ್ನ ಎತ್ತಿನ ಗಾಡಿಯಲ್ಲಿ ಓಣಿಓಣಿಗೆ ಕಳಿಸುತ್ತಿದ್ದರು. ಜೊತೆಗೆ ಓಮದ ಕಾಳಿನ ವಾಸನೆ ಬರುವ ಒಂದು ಔಷಧಿ. ಎದ್ದು ಬರುವ ಶಕ್ತಿ ಇದ್ದವರು ಪಾತ್ರೆ ಹಿಡಿದು ಗಾಡಿಯ ಹತ್ತಿರ ಬರಬೇಕು. ಒಬ್ಬರೂ ಏಳಲಾಗದ ಮನೆಯ ಹೊಸ್ತಿಲ ಮೇಲೆ ಜಮಾದಾರರು ಸುಣ್ಣದಲ್ಲಿ ಒಂದು ಗುಂಡು ಗುರುತು ಹಾಕುತ್ತಿದ್ದರು. ಆ ಗುರುತು ಕಂಡರೆ ಗಾಡಿಯವರು ಒಳಗೇ ಹೋಗಿ ಗಂಜಿ ಕುಡಿಸಿ ಬರಬೇಕು. ಇಷ್ಟು ಜನಕ್ಕೆ ಇಷ್ಟೇ ಕೈಗಳು, ಬೇರೆ ದಾರಿ ಇರಲಿಲ್ಲ.

ಅವರ ಪಕ್ಕದ ಮನೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ ಇದ್ದಳು, ಮಡಿಲಲ್ಲಿ ಕೂಸು. ಗಂಡ ಮೊದಲ ವಾರದಲ್ಲೇ ಜ್ವರಕ್ಕೆ ತೀರಿಹೋಗಿದ್ದ. ಅಜ್ಜಿಗೆ ದಿನಾ ಬೆಳಿಗ್ಗೆ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಅವಳೇ. ರಂಗೋಲಿ ಕಲಿಸಿದವಳೂ ಅವಳೇ. ಅಜ್ಜಿ ಲೆಕ್ಕ ತಪ್ಪಿ ಯಾವಾಗಲೂ ಒಂದು ಚುಕ್ಕಿ ಹೆಚ್ಚಿಗೆ ಇಡುತ್ತಿದ್ದರಂತೆ, ಕೊನೆಗೆ ಅದನ್ನೊಂದು ಬಾಲದಂತೆ ಎಳೆದು ಸೇರಿಸುತ್ತಿದ್ದರಂತೆ. ಅದನ್ನು ನೋಡಿ ಅಪ್ಪ ನಗುತ್ತಿದ್ದರು.

ಆ ತಾಯಿ ಮಲಗಿದ ದಿನ ಜಮಾದಾರರು ಹೊಸ್ತಿಲಿಗೆ ಗುರುತು ಹಾಕಿ, ಔಷಧಿ ಗಾಡಿಯ ಜೊತೆ ಮಲೆಬೆನ್ನೂರಿನ ಕಡೆಯ ಹಳ್ಳಿಗಳಿಗೆ ಹೋದರು. ಮರುದಿನ ಬೆಳಿಗ್ಗೆ ಅಜ್ಜಿ ಎದ್ದು ನೋಡಿದರೆ ಪಕ್ಕದ ಮನೆಯ ಹೊಸ್ತಿಲು ಬೋಳಾಗಿತ್ತು, ಮೇಲೆ ಸುಣ್ಣ ಸುರಿದು ಗಲೀಜಾಗಿತ್ತು. ಅದು ಅಪ್ಪ ಹಾಕಿದ ಗುರುತೆಂದು ಆಗ ಅವರಿಗೆ ಗೊತ್ತಿರಲಿಲ್ಲ. ಬೆಳಗಾದರೂ ಸಾರಿಸದ ಹೊಸ್ತಿಲು ಎಂದರೆ ಆ ಮನೆಯಲ್ಲಿ ಯಾರೋ ಸತ್ತಿದ್ದಾರೆ ಎಂದೇ ಅರ್ಥ. ಆಕೆ ಸತ್ತಿಲ್ಲವಲ್ಲ, ಹಾಗೆ ಯಾಕೆ ಕಾಣಬೇಕು ಎಂದುಕೊಂಡ ಹುಡುಗಿ ಸಗಣಿ ನೀರು ತಂದು, ಸುಣ್ಣವನ್ನೆಲ್ಲ ತಿಕ್ಕಿ ತೊಳೆದು, ಸಾರಿಸಿ, ರಂಗೋಲಿ ಹಾಕಿದಳು. ಮಾರನೆಯ ದಿನವೂ ಸಾರಿಸಿದಳು. ಮಧ್ಯಾಹ್ನ ಗಾಡಿ ಬಂದು, ಹೊಸ್ತಿಲ ಮೇಲೆ ರಂಗೋಲಿ ಕಂಡು, ಈ ಮನೆಯವರು ಎದ್ದಿದ್ದಾರೆ ಎಂದು ಮುಂದೆ ಹೋಗಿರಬೇಕು.

“ಗಾಡಿ ಹೋಗಿದ್ದನ್ನ ನಾ ಕಣ್ಣಾರೆ ನೋಡಿಲ್ಲವ್ವ. ನಮ್ಮವ್ವನೂ ಮಲಗಿದ್ಲು, ಅಕಿ ಹತ್ರ ಇದ್ದೆ. ಅಪ್ಪ ಬರಾ ಹೊತ್ತಿಗೆ ಪಕ್ಕದ ಮನಿಯಾಕಿ ಹೋಗಿದ್ಲು. ಕೂಸು ಬದುಕಿತ್ತು, ಮಲೆಬೆನ್ನೂರಾಗಿನ ಅವರ ಕಡಿಯೋರು ಬಂದು ಕರ್ಕಂಡು ಹೋದ್ರು. ಅಪ್ಪ ಆ ಹೊಸ್ತಿಲ ಮುಂದೆ ಭಾಳ ಹೊತ್ತು ನಿಂತಿದ್ದ. ಏನೂ ಅನ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ.”

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಆ ಕಚೇರಿಯ ಆಗಿನ ದಾಖಲೆ ಪುಸ್ತಕಗಳು ಹರಿಹರದಲ್ಲಿ ಇನ್ನೂ ಇರುತ್ತವೆಯೇ. ಇದ್ದರೆ ಆ ಎರಡು ದಿನ ಆ ಮನೆಗೆ ಗಂಜಿ ಹೋಯಿತೋ ಇಲ್ಲವೋ ನೋಡಿ ಹೇಳಬೇಕು. “ನೀನು ಅದೇ ಕೆಲ್ಸದಕಿ. ನಿನಗಾದ್ರೆ ತೋರಿಸ್ತಾರೆ. ಹೆಂಗೆ ಬರದೈತೋ ಹಂಗೇ ಹೇಳು. ನನ್ ಸಮಾಧಾನಕ್ಕೆ ಅಂತ ಏನೂ ಹೇಳ್ಬ್ಯಾಡ.”

ಜಗಳಕ್ಕೆ ಹೋದವಳು ಒಂದು ಕೆಲಸವನ್ನು ತಲೆಗೆ ಹಚ್ಚಿಕೊಂಡು ಬಂದೆ. ಮರುವಾರ ರಜೆ ಹಾಕಿ ಹರಿಹರದ ಬಸ್ಸು ಹತ್ತಿದೆ. ಹೊಸ ಜಿಲ್ಲೆಯ ಓಡಾಟದಲ್ಲಿ ಹಳೆಯ ಕಾಗದಗಳು ಅಲ್ಲಿಂದಿಲ್ಲಿಗೆ ಸಾಗುತ್ತಿದ್ದ ಕಾಲವದು. ಉಳಿದ ಗಂಟುಗಳು ಅಲ್ಲಿನ ಕಚೇರಿಯ ಒಂದು ಹಿಂದಿನ ಕೋಣೆಯಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದಿದ್ದವು. ಅಲ್ಲಿನ ಗುಮಾಸ್ತರು ಒಳ್ಳೆಯ ಮನುಷ್ಯ. “ಗೆದ್ದಲು ತಿಂದು ಬಿಟ್ಟಿದ್ದು ಎಲ್ಲಾ ನಿಮ್ದೇರಿ, ಆರಾಮಾಗಿ ನೋಡ್ರಿ,” ಎಂದು ಕುರ್ಚಿ ಹಾಕಿಕೊಟ್ಟರು. ಮೂರು ಸಲ ಹೋದೆ. ಸೀನಿ ಸೀನಿ ಸಾಕಾಯಿತು.

ಅಜ್ಜಿಯ ಪ್ರಶ್ನೆಗಾಗಿ ಹೋಗಿದ್ದರೂ ಆ ಹಳೆಯ ಕಾಗದ ಓದುತ್ತಾ ಓದುತ್ತಾ ನನಗೆ ಆ ಜನರ ಮೇಲೆ ಒಂದು ಬಗೆಯ ಪ್ರೀತಿ ಹುಟ್ಟಿತು. ಶಾಲೆ ಮುಚ್ಚಿಸಿದ್ದು, ಸಂತೆ ನಿಲ್ಲಿಸಿದ್ದು, ಔಷಧಿ ಸಾಲದು ಎಂದು ಮೇಲಿಂದ ಮೇಲೆ ಬರೆದದ್ದು ಎಲ್ಲ ಅಲ್ಲಿತ್ತು. ಬರೆಯುವ ಕೈ ನಡುನಡುವೆ ಬದಲಾಗುತ್ತಿತ್ತು, ಯಾಕೆಂದರೆ ಬರೆಯುವವರೇ ಜ್ವರ ಬಂದು ಮಲಗುತ್ತಿದ್ದರು. ಆ ಕಾಯಿಲೆಗೆ ಮದ್ದು ಯಾರ ಬಳಿಯೂ ಇರಲಿಲ್ಲ. ಇದ್ದದ್ದು ಗಂಜಿ, ಓಮದ ವಾಸನೆಯ ಔಷಧಿ, ಒಂದು ಡಬ್ಬಿ ಸುಣ್ಣ. ನನಗೆ ನನ್ನ ಲಿಖಿತ ವಿವರಣೆ ನೆನಪಾಗಿ ನಗು ಬಂತು.

ಮೂರನೆಯ ಸಲ ಗಂಜಿ ಗಾಡಿಯ ಹಾಳೆಗಳು ಸಿಕ್ಕವು. ಮನೆಗಳಿಗೆ ನಂಬರಿಲ್ಲ. ಬೇವಿನ ಮರದ ಎದುರಿನ ಮನೆ, ಬಾವಿಯ ಪಕ್ಕದ ಮನೆ, ಜಮಾದಾರರ ಪಕ್ಕದ ಮನೆ. ಆ ಕೊನೆಯದರ ಮುಂದೆ ಮೊದಲ ದಿನ ಗಂಜಿ ಕೊಟ್ಟದ್ದು ಬರೆದಿತ್ತು. ಮುಂದಿನ ಎರಡು ದಿನ ಖಾಲಿ. ನಾಲ್ಕನೆಯ ದಿನದ ಜಾಗದಲ್ಲಿ ಆಕೆ ತೀರಿಕೊಂಡಳು ಎಂದಿತ್ತು. ಏನೂ ಸಿಗಲಿಲ್ಲ ಎಂದು ಹೇಳಿಬಿಡೋಣವೇ ಎಂದು ನನಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಹಾಳೆಗಳ ಕೆಳಗೆ ಗುಂಡುಸೂಜಿ ಚುಚ್ಚಿದ ಅರ್ಧ ಕಾಗದವಿತ್ತು. ಜಮಾದಾರರು ತಮ್ಮ ಮೇಲಿನವರಿಗೆ ಬರೆದದ್ದು. ದಪ್ಪ ಅಕ್ಷರ, ತಪ್ಪಿಲ್ಲದ ಕನ್ನಡ. ಹೊಸ್ತಿಲ ಮೇಲಿನ ಗುರುತುಗಳು ಬೆಳಗಿನ ಸಾರಣೆಯಲ್ಲಿ ಹೋಗುತ್ತಿವೆ, ಹೆಂಗಸರು ಬೇಕೆಂದು ಮಾಡುತ್ತಿಲ್ಲ, ದಿನದ ಕೆಲಸ ಮಾಡುತ್ತಿದ್ದಾರೆ, ಇದೇ ಊರಿನಲ್ಲಿ ಹುಟ್ಟಿದ ತನಗೆ ಇದು ತಿಳಿದಿರಬೇಕಿತ್ತು ಎಂದು ಬರೆದಿದ್ದರು. ಇನ್ನು ಮುಂದೆ ಗುರುತನ್ನು ಬಾಗಿಲ ಮೇಲ್ಗಡೆ, ಕೈಗೆ ನಿಲುಕದ ಎತ್ತರದಲ್ಲಿ ಹಾಕುವುದಾಗಿಯೂ, ಗಾಡಿಯವರ ಕೈಯಲ್ಲಿ ಮನೆಗಳ ಪಟ್ಟಿ ಕೊಡುವುದಾಗಿಯೂ ಹೇಳಿದ್ದರು. ಕೊನೆಯ ಸಾಲುಗಳು ಇವು: ತನ್ನ ಪಕ್ಕದ ಮನೆಯಲ್ಲಿ ಆದ ಸಾವಿನ ಬಗ್ಗೆ ಯಾರನ್ನೂ ವಿಚಾರಿಸಬಾರದು. ಅಲ್ಲಿ ಗುರುತು ತೊಳೆದದ್ದು ಒಂದು ಮಗು. ಜಾಗ ಆರಿಸಿದ್ದು ತಾನು, ತಪ್ಪು ತನ್ನದು.

ನಾನು ಅದನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡು ದಾವಣಗೆರೆಗೆ ಬಂದೆ. ಅಜ್ಜಿಯ ಮುಂದೆ ಕೂತು ಮೊದಲು ಖಾಲಿ ಇದ್ದ ಎರಡು ದಿನದ ಸಂಗತಿ ಹೇಳಿದೆ. ಅವರು ತಲೆಯಾಡಿಸಿದರು. ಅದು ಅವರಿಗೆ ಗೊತ್ತಿದ್ದದ್ದೇ, ಬೇರೆಯವರ ಬಾಯಿಂದ ಕೇಳಬೇಕಿತ್ತು ಅಷ್ಟೇ ಎಂದು ನನಗೆ ಅನ್ನಿಸಿತು. ಆಮೇಲೆ ಕಾಗದ ಓದಿದೆ. ಒಂದು ಮಗು ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿ, ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ.

“ಅಪ್ಪಗೆ ಹೆಂಗೆ ಗೊತ್ತಾತು?” ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಆಮೇಲೆ ಅವರೇ ಹೇಳಿದರು. “ಆ ಹೆಚ್ಗಿ ಚುಕ್ಕಿ. ಅದನ್ನೇ ನೋಡ್ತಾ ನಿಂತಿದ್ದ.”

ಅಜ್ಜಿ ಅತ್ತರು. ಶಬ್ದವಿರಲಿಲ್ಲ, ಸೆರಗಿನಿಂದ ಒರೆಸಿಕೊಳ್ಳುವುದನ್ನೂ ಮರೆತಿದ್ದರು. ನಾನೂ ಅತ್ತೆ. ಅವರ ಅಪ್ಪ ಆ ಜ್ವರದ ನಂತರ ಹದಿನೈದು ವರ್ಷ ಬದುಕಿದ್ದರಂತೆ. ಅಜ್ಜಿ ಮದುವೆಯಾಗಿ ಹೋಗುವವರೆಗೆ ಒಂದೇ ಮನೆ, ಒಂದೇ ಅಡುಗೆ, ದಿನಕ್ಕೆರಡು ಸಲ ಎದುರುಬದುರು ಊಟ.

“ಅವಗೆ ತಿಳದ್ರೆ ಸಂಕಟ ಆಗ್ತೈತಿ ಅಂತ ನಾ ಹೇಳ್ಲಿಲ್ಲ. ನನಗೆ ತಿಳದ್ರೆ ಸಂಕಟ ಆಗ್ತೈತಿ ಅಂತ ಅವ ಹೇಳ್ಲಿಲ್ಲ,” ಎಂದರು.

ಕಾಗದವನ್ನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡರು. ನಾನು ಎದ್ದು ಬಂದೆ.

ಮುಂದಿನ ಸುತ್ತಿನ ಪೋಲಿಯೊ ಹನಿಗೆ ಹೊರಟಾಗ ನಾನೊಂದು ಸಣ್ಣ ಸ್ಟೂಲನ್ನು ಮೊಪೆಡ್ಡಿಗೆ ಕಟ್ಟಿಕೊಂಡಿದ್ದೆ. ಜೊತೆಯವರು ನಕ್ಕರು. ಪಾಲಿಶ್ ಬಾಗಿಲಿನವರು ಎಂದಿನಂತೆ ತಕರಾರು ಮಾಡಿದರು, ನಾನು ಎಂದಿನಂತೆ ಸಿಟ್ಟಾಗಿ ಚೌಕಟ್ಟಿನ ಮೇಲಿನ ಗೋಡೆಯಲ್ಲೇ ಬರೆದೆ. ಅಜ್ಜಿಯ ಮನೆಗೆ ಬಂದಾಗ ಬೆಳಗಿನ ಬಿಸಿಲು ಇನ್ನೂ ಗೇಟಿನಿಂದ ಒಳಗೆ ಬಂದಿರಲಿಲ್ಲ. ಸೊಸೆ ಬಾಗಿಲ ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದರು, ಏನು ಮಾಡಬೇಕೆಂದು ತಿಳಿಯದವರಂತೆ. ಕೆಳಗೆ ಅಜ್ಜಿ ಒಂದು ಮಣೆಯ ಮೇಲೆ ಕೂತು, ಒಂದು ಕೈಯನ್ನು ಚೌಕಟ್ಟಿಗೆ ಊರಿ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹೊಸ್ತಿಲು ಒರೆಸುತ್ತಿದ್ದರು. ಪಕ್ಕದಲ್ಲಿ ರಂಗೋಲಿ ಬಟ್ಟಲಿತ್ತು.

ನಾನು ಸ್ಟೂಲು ಹಾಕುವುದನ್ನು ತಲೆ ಎತ್ತಿ ನೋಡಿದರು.

“ಹ್ಞೂ, ನೀನು ಮ್ಯಾಲೆ ಬರಿ,” ಎಂದರು. “ಕೆಳಗೆ ನಾ ನೋಡ್ಕಂತೀನಿ.”