ಫಿನ್ನಿಷ್ ಭಾಷೆಯಲ್ಲಿ ಚೌಕಾಸಿ

ಮೊನ್ನೆ ಟ್ರಂಕಿನಿಂದ ಚಳಿಗಾಲದ ಬಟ್ಟೆ ತೆಗೆಯುವಾಗ ಡಾಂಬರು ಗುಳಿಗೆಯ ವಾಸನೆಯೊಂದಿಗೆ ಒಂದು ಜೊತೆ ಬೂದುಬಣ್ಣದ ಉಣ್ಣೆಯ ಕಾಲುಚೀಲ ಕೈಗೆ ಬಂತು. ಹಿಮ್ಮಡಿಯ ಹತ್ತಿರ ಎರಡು ಸಲ ಹೊಲಿದದ್ದು. ಅವು ನನ್ನ ವೈನಿಯವು, ಅಂದರೆ ಅಣ್ಣನ ಹೆಂಡತಿಯವು, ತಂದುಕೊಟ್ಟವನು ನಾನು. ಅವನ್ನು ತಂದ ಬಗ್ಗೆ ನಮ್ಮ ಬಳಗದಲ್ಲಿ ಒಂದು ಕಥೆಯೇ ಚಾಲ್ತಿಯಲ್ಲಿದೆ, ಅದರಲ್ಲಿ ನಾನೇ ಶೂರ. ಕಥೆ ಸುಳ್ಳೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾಚಾರಂನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಗೆ ಫಿನ್ಲೆಂಡಿನಿಂದ ಒಂದು ಯಂತ್ರ ಬರುವುದಿತ್ತು. ಅದನ್ನು ನಡೆಸುವುದು ಕಲಿತು ಬಾ ಎಂದು ನನ್ನನ್ನು ಆರು ವಾರಕ್ಕೆ ಅಲ್ಲಿಗೆ ಕಳಿಸಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಆಡುವ ನಮಗೆ ಇನ್ನೊಂದು ಭಾಷೆ ಯಾವ ಲೆಕ್ಕ ಹೇಳಿ? ಫೋನಿನಲ್ಲಿ ಭಾಷೆ ಕಲಿಸುವ ಆ್ಯಪ್ ಹೇಳಿದ್ದನ್ನು ಕೇಳಿ ಕೇಳಿ ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ‘ಪಾಲ್ಯೊಂಕೊ ತ್ಯಾಮ್ಯಾ ಮಾಕ್ಸಾ’ ಎಂದರೆ ಇದರ ಬೆಲೆ ಎಷ್ಟು. ‘ಲೀಯಾನ್ ಕಾಲ್ಲಿಸ್’ ಎಂದರೆ ಬಹಳ ತುಟ್ಟಿ. ಧನ್ಯವಾದಕ್ಕೆ ‘ಕೀಟೋಸ್’.

ಪಾಠ ಒಪ್ಪಿಸಿಕೊಂಡವರು ವೈನಿ. ಪ್ರತಿ ಚಳಿಗಾಲ ನಾಂಪಲ್ಲಿಯಲ್ಲಿ ನಡೆಯುವ ಎಕ್ಸಿಬಿಷನ್ನಿನಲ್ಲಿ ಶಾಲು ಮಾರುವವರು ವೈನಿಯನ್ನು ದೂರದಿಂದ ಕಂಡೇ ಬೆಲೆ ಇಳಿಸುತ್ತಾರೆ ಎಂದು ಅಣ್ಣ ಹೇಳುತ್ತಿದ್ದ. ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಅಡುಗೆಮನೆಯ ಕಟ್ಟೆಯಾಚೆ ಅವರು ಅಂಗಡಿಯವರು, ಈಚೆ ನಾನು ಗಿರಾಕಿ. ಹೀರೇಕಾಯಿ ಎತ್ತಿ ಹಿಡಿದು ಫಿನ್ನಿಷ್‌ನಲ್ಲಿ ಬೆಲೆ ಕೇಳಬೇಕು. ಉಚ್ಚಾರ ಹೇಗಿದ್ದರೂ ಅವರಿಗೆ ಚಿಂತೆಯಿಲ್ಲ. ಕಣ್ಣಲ್ಲಿ ಆಸೆ ಕಂಡರೆ ಮಾತ್ರ ಬೈಯುತ್ತಿದ್ದರು.

“ತುಟ್ಟಿ ಆತು ಅನ್ನು, ಕೆಳಗಿಡು, ಹೊಂಡು. ನಾಲ್ಕ ಹೆಜ್ಜಿ ಇಡೂದ್ರಾಗ ಕರೀತಾರ. ತಿರುಗಿ ಮಾತ್ರ ನೋಡಬ್ಯಾಡ.”

ಏನು ತರಲಿ ಎಂದು ಕೇಳಿದ್ದಕ್ಕೆ, ಬೆಚ್ಚನೆಯ ಕಾಲುಚೀಲ ತಾ, ಆದರೆ ಚೌಕಾಸಿ ಮಾಡಿ ತಾ ಎಂದರು. ಚಳಿಗಾಲದಲ್ಲಿ ವೈನಿಯ ಹಿಮ್ಮಡಿ ರಕ್ತ ಬರುವಷ್ಟು ಒಡೆಯುತ್ತಿತ್ತು. ನನ್ನನ್ನು ಮಗನ ಹಾಗೆ ನೋಡಿಕೊಂಡವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವರು ಹೇಳಿದ ಹಾಗೆಯೇ ತರಬೇಕೆಂದು ನನಗೂ ಹಟ.

ಅಲ್ಲಿ ಬಂದರಿನ ಪಕ್ಕದ ಸಂತೆಯಲ್ಲಿ ಒಬ್ಬ ಅಜ್ಜಿ ತಾನೇ ಹೆಣೆದ ಕಾಲುಚೀಲ ಮಾರುತ್ತಿದ್ದಳು. ಬೆಲೆ ಕೇಳಿದೆ. ಹೇಳಿದಳು. ಅರ್ಥವೂ ಆಯಿತು, ಒಳಗೊಳಗೇ ಬೀಗಿದೆ. ತುಟ್ಟಿ ಎಂದೆ. ಇರಬಹುದು ಎಂಬಂತೆ ಅಜ್ಜಿ ತಲೆಯಾಡಿಸಿದಳು. ಕೆಳಗಿಟ್ಟು ಹೊರಟೆ. ನಾಲ್ಕು ಹೆಜ್ಜೆ, ಹತ್ತು, ನಲವತ್ತು. ಟ್ರಾಮು ನಿಲ್ಲುವ ಜಾಗ ಬಂದರೂ ಯಾರೂ ಕರೆಯಲಿಲ್ಲ. ಕರೆದಾರು ಎಂದು ಅಲ್ಲೇ ನಿಂತೆ. ಮೂಗು ಮರಗಟ್ಟಿತು, ಎರಡು ಟ್ರಾಮು ಹೋದವು. ಕೊನೆಗೆ ಮಾನ ಬಿಟ್ಟು ತಿರುಗಿ ಹೋಗಿ, ಅದೇ ಅಜ್ಜಿಗೆ ಅದೇ ಪ್ರಶ್ನೆ ಮತ್ತೆ ಕೇಳಿದೆ. ಅದೇ ಬೆಲೆ. ಕೊಟ್ಟು, ಕೀಟೋಸ್ ಎಂದು ಬಂದೆ.

ಮನೆಯಲ್ಲಿ ಮಾತ್ರ ಅರ್ಧ ಬೆಲೆಗೆ ತಂದೆ ಎಂದು ಹೇಳಿದೆ. ವೈನಿ ಆ ಸುದ್ದಿಯನ್ನು ಕಲಬುರಗಿಯ ತವರಿನವರೆಗೂ ಮುಟ್ಟಿಸಿದರು.

ಮೊನ್ನೆ ಆ ಕಾಲುಚೀಲ ಅವರ ಕೈಗೆ ಕೊಡುವಾಗ ಯಾಕೋ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಸಿಕೊಳ್ಳಲು ತಯಾರಾಗಿದ್ದೆ. ವೈನಿ ಕಾಲುಚೀಲ ಏರಿಸಿಕೊಳ್ಳುತ್ತ, ಮದುವೆಯಾಗಿ ಈ ಊರಿಗೆ ಬಂದ ಹೊಸತರ ಸಂಗತಿ ತೆಗೆದರು. ಒಬ್ಬರೇ ಸೀರೆ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯವನು ತೆಲುಗಿನಲ್ಲಿ ಹೇಳಿದ ಬೆಲೆಯ ಒಂದಕ್ಷರವೂ ತಿಳಿಯದೆ, ಸೀರೆ ಕೆಳಗಿಟ್ಟು ಸರಸರ ಹೊರಟುಬಿಟ್ಟರಂತೆ. ಅವನು ಅದನ್ನು ಚೌಕಾಸಿ ಎಂದು ತಿಳಿದು ಕರೆದು, ಬೆರಳು ಎಣಿಸಿ ತೋರಿಸಿ ಬೆಲೆ ಇಳಿಸಿದ. ವೈನಿಯ ವಿದ್ಯೆಯೆಲ್ಲ ಅಲ್ಲಿಂದ ಶುರುವಾದದ್ದು.

“ನಾ ಅಂಜಿ ಹೊಂಟಿದ್ದೆ. ಅವ ಕರದಾ ಅಂತ ತಿರುಗಿದೆ,” ಎಂದರು. “ನೀ ಯಾರೂ ಕರೀದನ ತಿರುಗಿ ಹೋಗಿ ಕೇಳಿದಿ. ನನಗ ಅದು ಆಗ್ತಿದ್ದಿಲ್ಲ.”

ಇಷ್ಟು ವರ್ಷ ಮುಚ್ಚಿಟ್ಟ ಸೋಲು ಅವರ ಬಾಯಲ್ಲಿ ಹೀಗೆ ಬದಲಾಯಿತು.

ಈ ಭಾನುವಾರ ನಾವಿಬ್ಬರೂ ನಾಂಪಲ್ಲಿಗೆ ಹೋಗುವವರಿದ್ದೇವೆ. ಶಾಲಿನ ಬೆಲೆ ನೀನೇ ಕೇಳು ಎಂದಿದ್ದಾರೆ ವೈನಿ. ಕೇಳುತ್ತೇನೆ. ಹೊರಟ ಮೇಲೆ ಯಾರೂ ಕರೆಯದಿದ್ದರೆ, ತಿರುಗಿ ಹೋಗುವುದು ನನಗೆ ಬರುತ್ತದೆ.