ಗಡ್ಡೆಯ ಸುತ್ತ ನೋಡಿದ ಬಾಯಾರು

ಮಧ್ಯಾಹ್ನದ ಹೊತ್ತಿಗೆ ಬಾಯಾರ ಎರಡೂ ಕಣ್ಣಿನ ಸುತ್ತ ಬಳೆ ಒತ್ತಿದಂಥ ದುಂಡನೆಯ ಗುರುತು ಮೂಡಿರುತ್ತಿತ್ತು. ಸೂಕ್ಷ್ಮದರ್ಶಕಕ್ಕೆ ಮುಖ ಒತ್ತಿ ಕೂತರೆ ಅವರಿಗೆ ಬೇರೆ ಯಾವುದರ ಪರಿವೆಯೂ ಇರುತ್ತಿರಲಿಲ್ಲ. ಅದೇ ಗುರುತು ಹೊತ್ತು ತಾರ್ನಾಕದ ತರಕಾರಿ ಗಾಡಿಯ ಮುಂದೆ ನಿಂತು ಮೆಂತ್ಯದ ಸೊಪ್ಪು ಆರಿಸುತ್ತಿದ್ದರು. ನಮ್ಮ ಕ್ಯಾನ್ಸರ್ ಸಂಶೋಧನೆಯ ಲ್ಯಾಬಿನಲ್ಲಿ ಉಳಿದ ತೆಲುಗಿನವರಿಗೆ ಅವರು ಮೇಡಂ. ಬೀದರ್ ಕಡೆಯಿಂದ ಬಂದ ನನಗೆ ಮಾತ್ರ, ಶಾಲೆಯಲ್ಲಿ ಕಲಿಸಿದವರನ್ನು ಕರೆದಂತೆ, ಬಾಯಾರು.

ನಾನು ಅವರ ಕೈಕೆಳಗೆ ಸೇರಿದ್ದು ಒಂದು ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ದುಡಿದ ಮೇಲೆ. ದೇಹದಿಂದ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೋಳು ತೆಗೆದು, ಬಣ್ಣ ಹಾಕಿ ಗಾಜಿನ ಮೇಲೆ ಹಚ್ಚುವುದು ನನ್ನ ಕೆಲಸ.

ಸೇರಿದ ವಾರವೇ ಬಾಯಾರು ಎರಡು ಗಾಜಿನ ತಟ್ಟೆ ತೋರಿಸಿದರು. ಒಂದರಲ್ಲಿ ಬರೀ ಕ್ಯಾನ್ಸರಿನ ಜೀವಕಣಗಳು. ಔಷಧ ಬಿದ್ದು ಸತ್ತು ತೇಲುತ್ತಿದ್ದವು. ಇನ್ನೊಂದರಲ್ಲಿ ಅವೇ ಕಣಗಳ ಜೊತೆ ಗಡ್ಡೆಯ ಸುತ್ತಲಿನ ಕಣಗಳನ್ನೂ ಬೆಳೆಸಿದ್ದರು. ಅದೇ ಔಷಧ, ಅದೇ ಅಳತೆ. ಅಲ್ಲಿ ಕ್ಯಾನ್ಸರ್ ಕಣಗಳು ತಟ್ಟೆಗೆ ಅಂಟಿಕೊಂಡು ಹಾಯಾಗಿದ್ದವು.

"ಎಲ್ಲಾರೂ ಕಳ್ಳನ್ನಷ್ಟ ಹಿಡ್ಯಾಕ ಹೊಂಟಾರ್ರಿ," ಅಂದರು. "ಅವಗ ಊಟಾ ಹಾಕೋ ನೆರಿಯವರು ಯಾರು ಅಂತ ಕೇಳಂಗಿಲ್ಲ."

ಲ್ಯಾಬಿಗೆ ಗಡ್ಡೆ ಕಳಿಸುವ ಆಸ್ಪತ್ರೆಗೆ ಕನ್ನಡದ ರೋಗಿಗಳು ಬಂದರೆ, ಗಡ್ಡೆಯ ಒಂದು ತುಂಡನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಲು ಬಾಯಾರೇ ಹೋಗುತ್ತಿದ್ದರು, ಜೊತೆಗೆ ನಾನು. ಹಾಗೆ ಪರಿಚಯವಾದವಳು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಜೀಡಿಮೆಟ್ಲಾದಲ್ಲಿ ಕಟ್ಟಡದ ಕೆಲಸ. ಎದೆಯ ಗಡ್ಡೆ ಔಷಧಕ್ಕೆ ಮೊದಲು ಕರಗಿ, ಆಮೇಲೆ ಅದೇ ಔಷಧ ನಡೆದಿರುವಾಗಲೇ ಮತ್ತೆ ಬೆಳೆದಿತ್ತು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅವಳು ಒಂದೇ ಮಾತು ಕೇಳಿದಳು:

"ನಾ ಪಥ್ಯಾ ಮುರದು ಬದನಿಕಾಯಿ ತಿಂದೆ, ಅದಕ್ಕ ಔಷಧಾ ಹತ್ತಲಿಲ್ಲ ಅಂತಾಳ ನಮ್ಮತ್ತಿ. ಹೌದೇನ್ರಿ?"

"ಅಲ್ಲವ್ವಾ. ನಿನ್ನ ತುಂಡಿನಾಗ ಏನೈತಿ ನೋಡಿ, ಬಂದು ತೋರಸ್ತೀನಿ."

ಹೊರಗೆ ಬಂದು ನಾನು ಕೇಳಿದೆ, "ಅಲ್ಲ ಅಂದ ಮ್ಯಾಲ ಮತ್ತ ತೋರಸೋದು ಯಾಕ್ರಿ?"

"ನಾ ಸಮಾಧಾನಕ್ಕ ಅಂದೆ ಅಂತಾರ. ಆ ಅತ್ತಿ ನಂಬಬೇಕಲ್ರಿ."

ಅವಳ ತುಂಡು ಬಂದ ದಿನ ನಾನು ಹಳೆಯ ರೂಢಿಯಂತೆ ಸುತ್ತಲಿನ ಕೊಬ್ಬು, ನಾರು ಎಲ್ಲ ಕತ್ತರಿಸಿ ಚೊಕ್ಕ ಮಾಡಿದೆ. ಕೊಬ್ಬಿದ್ದರೆ ಹೋಳು ಹರಿಯುತ್ತದೆ ಎಂದು ಕೈ ತಾನಾಗಿಯೇ ಓಡಿತು. ಮೇಣಕ್ಕೆ ಹಾಕುವ ಮೊದಲು ಬಾಯಾರು ಬಂದು ನೋಡಿದರು.

"ಗಡ್ಡಿ ಅಷ್ಟ ಉಳಿಸೀರಿ. ನನಗ ಬೇಕಾದ್ದು ಎಲ್ಲೈತ್ರಿ?"

ಕತ್ತರಿಸಿದ ಚೂರು ಹಾಕುವ ಡಬ್ಬಿ ತೋರಿಸಿದೆ. ಅದರಲ್ಲಿ ಇನ್ನೊಬ್ಬ ರೋಗಿಯ ಚೂರುಗಳೂ ಕೂಡಿಕೊಂಡಿದ್ದವು.

"ಶೇಂಗಾ ಹಸನ ಮಾಡಿದಂಗ ಮಾಡೀರಿ. ನಮ್ಮವ್ವ ಇದ್ದಿದ್ರ ಭೇಷ್ ಅಂತಿದ್ಲು." ಬೈದದ್ದು ಅಷ್ಟೇ. ಸೆರಗು ಸಿಕ್ಕಿಸಿ, ಕೈಗವಸು ಹಾಕಿ, ಚಿಮುಟ ಹಿಡಿದು ಕೂತರು. ಒಂದೊಂದು ಚೂರಿನ ಕೊಯ್ದ ಅಂಚನ್ನೂ ಗಡ್ಡೆಯ ಅಂಚಿಗೆ ಹಚ್ಚಿ, ಭೂತಗನ್ನಡಿಯಲ್ಲಿ ನೋಡುವುದು. "ಇದು ಕೂಡತೈತಿ." "ಇದು ಅನುಮಾನ, ಬ್ಯಾಡ." ಊಟ ಬಿಟ್ಟು ಸಂಜೆಯವರೆಗೆ ಹುಡುಕಿ ನಾಲ್ಕೇ ಚೂರು ಒಪ್ಪಿಕೊಂಡರು. ಸುಮಾರಾಗಿ ಹೊಂದುತ್ತಿದ್ದವನ್ನೂ ಬಿಟ್ಟುಬಿಟ್ಟರು.

ಆ ನಾಲ್ಕರ ಹೋಳುಗಳನ್ನು ಬಣ್ಣ ಹಾಕಿ ಇಟ್ಟಾಗ ಅವರು ಬಹಳ ಹೊತ್ತು ನೋಡಿ, ಎದ್ದು, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಗಡ್ಡೆಯ ಸುತ್ತ ಗುಲಾಬಿ ಬಣ್ಣದ ನಾರು, ಪದರದ ಮೇಲೆ ಪದರ. ರಕ್ತನಾಳಗಳು ಅದುಮಿಸಿಕೊಂಡು ಗೆರೆಯಷ್ಟಾಗಿದ್ದವು. ರೋಗದ ಮೇಲೆ ಬೀಳಬೇಕಾದ ಕಾವಲು ಕಣಗಳು ನೀಲಿ ಚುಕ್ಕೆಗಳಾಗಿ ಆ ನಾರಿನ ಹೊರಗೇ ಸಾಲುಗಟ್ಟಿ ನಿಂತಿದ್ದವು. ಒಳಗೆ ಒಂದೂ ಇರಲಿಲ್ಲ. ಇಷ್ಟು ವರ್ಷ ನಾನು ಕೊಯ್ದು ಎಸೆದದ್ದು ಇದನ್ನೇ.

ಬಾಯಾರು ಅದರ ಫೋಟೋ ತೆಗೆದುಕೊಂಡು ನನ್ನನ್ನೂ ಕರೆದುಕೊಂಡು ವಾರ್ಡಿಗೆ ಹೋದರು. ಅತ್ತೆ ಮಂಚದ ಪಕ್ಕ ಕೂತಿದ್ದಳು. "ಮೊದಲ ಒಂದು ಮಾತು," ಅಂದರು ಬಾಯಾರು. "ನಮ್ಮಿಂದ ತಪ್ಪಾತು. ನೀ ಕೊಟ್ಟಿದ್ದರಾಗ ಭಾಳಷ್ಟು ಕಳಕೊಂಡೀವಿ." 'ನಮ್ಮಿಂದ' ಅಂದರು. ನಾನು ನೆಲ ನೋಡುತ್ತಿದ್ದೆ. ಆಮೇಲೆ ಫೋಟೋ ಹಿಡಿದರು.

ಅತ್ತೆ ಬಗ್ಗಿ ನೋಡಿದಳು. "ಚಾಪಿ ಹೆಣದಂಗ ಐತಲ್ರಿ."

"ಹೌದಬೇ. ಗಾಯಾ ಮಾಯಿಸೋ ಕಣಾನ ಇದನ್ನ ಹೆಣದಾವ. ಇಲ್ಲೊಂದು ಗಾಯ ಐತಿ ಅಂತ ತಿಳಕೊಂಡು ದುಡ್ಯಾಕತ್ತಾವ, ಪಾಪ. ಔಷಧಾ ಒಳಗ ಹೋಗಾಕ ದಾರೀನ ಇಲ್ಲ. ಇದರಾಗ ಬದನಿಕಾಯಿ ಎಲ್ಲೈತಿ, ತೋರಸ್ರಿ ನೋಡೋಣು."

ಅತ್ತೆ ಫೋಟೋ ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದಳು.

"ಹಂಗಾರ ನನಗ ಗುಣಾ ಆಗತೈತೇನ್ರಿ?" ಸೊಸೆ ಕೇಳಿದಳು.

"ಅದು ನನಗ ಗೊತ್ತಿಲ್ಲವ್ವಾ. ಈ ಚಾಪಿ ಬಿಚ್ಚೋದು ನಾವಿನ್ನೂ ಕಲ್ಯಾಕತ್ತೀವಿ. ನಿನ್ನ ತಪ್ಪಿಲ್ಲ ಅನ್ನೋದಷ್ಟ ಗೊತ್ತೈತಿ."

ನಾವು ಬಾಗಿಲು ದಾಟುವಾಗ ಅತ್ತೆಯ ದನಿ ಕೇಳಿಸಿತು: "ಏನ್ ತಿಂತಿ, ಹೇಳು. ಮಾಡಿ ತರ್ತೀನಿ."

ಆ ಹೆಣ್ಣುಮಗಳು ಮುಂದಿನ ಬೇಸಿಗೆಯವರೆಗೆ ಬದುಕಿದ್ದಳು. ಬಾಯಾರು ಹೋಗಿ ಎರಡು ವರ್ಷವಾಯಿತು. ಲ್ಯಾಬಿಗೆ ಹೊರಟು ನಿಂತಲ್ಲೇ ಎದೆಬಡಿತ ನಿಂತುಹೋಯಿತಂತೆ. ಈಗ ಗಡ್ಡೆಯ ತುಂಡು ಬರುವ ಡಬ್ಬಿಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಮುಚ್ಚಳ ತೆಗೆಯುವ ಮೊದಲು ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ನಾನು ದೇವರಿಗೆ ಕೈ ಮುಗಿಯುತ್ತೇನೆಂದು ಜೊತೆಯವರು ತಿಳಿದಿದ್ದಾರೆ. ಇದನ್ನು ಕೊಟ್ಟವರು ಕೊಡುವಾಗ ಏನು ಕೇಳಿರಬಹುದು ಎಂದು ನಾನು ಯೋಚಿಸುತ್ತಿರುತ್ತೇನೆ.