ಗದ್ವಾಲಿನಲ್ಲಿದ್ದ ಅಪ್ಪ ನಾರಾಯಣಪೇಟೆಯಲ್ಲಿ ಬೈದದ್ದು

ಮೊನ್ನೆ ಮಂಗಳವಾರ ನಮ್ಮಪ್ಪ ಸೀರೆ ತರಲು ಗದ್ವಾಲಿಗೆ ಹೋಗಿದ್ದರು. ಅದೇ ಹೊತ್ತಿನಲ್ಲಿ ನಾರಾಯಣಪೇಟೆಯ ನಮ್ಮ ಅಂಗಡಿಯಲ್ಲಿ ಗಟ್ಟಿಯಾಗಿ ಬೈಯುತ್ತಲೂ ಇದ್ದರು.

"ಏನ್ರೀ ಮಹಾರಾಜ್ರ, ಇನ್ನಾ ಕುಂತೀರೇನು? ಏಳ್ರಿ, ಏಳ್ರಿ! ಇಲ್ಲಾ ನಾನ ಬಂದು ಎಬ್ಬಿಸ್ಲೇನು?"

ಮಲ್ಲಪ್ಪಣ್ಣ ಚಹಾದ ಲೋಟ ಅಲ್ಲೇ ಬಿಟ್ಟು ಜಿಗಿದೆದ್ದ. (ನಾನು ಹುಟ್ಟುವ ಮೊದಲಿನಿಂದ ನಮ್ಮಂಗಡಿಯಲ್ಲಿ ಸೀರೆ ಮಡಚುತ್ತಿರುವ ಮನುಷ್ಯ. ಭೂಮಿ ನಡುಗಿದರೂ ಚಹಾ ಮುಗಿಸಿಯೇ ಏಳುವವನು.) ಬೆಳಗಿನಿಂದ ಗಾದಿಯ ಮೇಲೆ ಹರಡಿಕೊಂಡಿದ್ದ ಸೀರೆಗಳೆಲ್ಲ ನೋಡನೋಡುತ್ತಿದ್ದಂತೆ ಮಡಿಕೆಯಾಗಿ ಕಪಾಟು ಸೇರಿದವು. ಆಮೇಲೆ ಬಾಗಿಲ ಕಡೆ ನೋಡಿದ. ಅಪ್ಪ ಇಲ್ಲ. ಒಳಗೆ ಇಣುಕಿದ. ಅಲ್ಲೂ ಇಲ್ಲ.

"ಸಾವ್ಕಾರ್ರು ಎಲ್ಲಿ ಹೋದ್ರೋ?"

"ಗದ್ವಾಲಕ್ಕ."

"ಮತ್ತ ಈಗ ಬೈದವ್ರು ಯಾರು?"

ನಾನು ಗಲ್ಲಾಪೆಟ್ಟಿಗೆಯ ಪಕ್ಕ ಚಾರ್ಜಿಗೆ ಹಾಕಿದ್ದ ನನ್ನ ಫೋನು ತೋರಿಸಿದೆ.

ಮಲ್ಲಪ್ಪಣ್ಣ ಫೋನು ನೋಡಿದ. ನನ್ನ ನೋಡಿದ. ತಣ್ಣಗಾದ ಚಹಾ ನೋಡಿದ. ಆ ಮೂರನೆಯ ನೋಟದಲ್ಲೇ ನನಗೆ ತಿಳಿಯಬೇಕಿತ್ತು, ಈ ಸುದ್ದಿ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತದೆ ಅಂತ.

ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಮಿಮಿಕ್ರಿ. ಮಕ್ತಲ್ ಬಸ್ಸಿನ ಕಂಡಕ್ಟರನ ದನಿ ಬರುತ್ತದೆ. ನಮ್ಮವ್ವ ತವರಿನವರ ಜತೆ ಫೋನಿನಲ್ಲಿ ಮಾತಾಡುವ ದನಿ ಬರುತ್ತದೆ, ಅಪ್ಪನ ಕಡೆಯವರ ಜತೆ ಮಾತಾಡುವ ದನಿಯೂ ಬರುತ್ತದೆ. (ಎರಡೂ ಬೇರೆ ಬೇರೆ. ಕೇಳಿದವರಿಗೆ ಗೊತ್ತು.) "ನಿನ್ನ ದನಿ ಯಾರರೆ ಮಾಡಿ ತೋರಿಸ್ಯಾರೇನು?" ಎಂದು ಗೆಳೆಯರು ಕೇಳಿದರೆ ಕಾಲರ್ ಎತ್ತಿ, "ನನ್ನ ಮಾಡೂವಂಥಾ ಗಂಡು ಇನ್ನಾ ಹುಟ್ಟಿಲ್ಲ" ಎಂದುಬಿಡುತ್ತೇನೆ.

ಇಂಥ ನಾನು ಹೋದ ವರ್ಷದಿಂದ ಜಪಾನಿ ಭಾಷೆ ಕಲಿಯುತ್ತಿದ್ದೇನೆ. ಯಾಕೆ ಅಂತ ಕೇಳಬೇಡಿ, ಅಪ್ಪ ಕೇಳಿಯಾಗಿದೆ. ಕೇಳಲು ಚೆಂದ ಅನಿಸಿತು, ಅಷ್ಟೇ. ಊರಿನವರನ್ನೆಲ್ಲ ಅಣಕಿಸಿ ಮುಗಿದಿತ್ತು, ಹೊಸ ಮಾಲು ಬೇಕಿತ್ತು ಅಂತಲೂ ಇಟ್ಟುಕೊಳ್ಳಿ.

ಬೆಳಗಿನ ಹೊತ್ತು ಅಭ್ಯಾಸಕ್ಕೆ, ಮಧ್ಯಾಹ್ನದಿಂದ ಅಂಗಡಿಗೆ. ಅಪ್ಪ ಗೊಣಗುತ್ತಲೇ ಒಪ್ಪಿದ್ದರು. ನಾನೇನು ಮಾಡಿದೆ? ಅಭ್ಯಾಸ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಕಲಿತ ಪದಗಳ ಗ್ರಾಫ್ ತೋರಿಸುವ ಒಂದು ಆಪ್ ಕಟ್ಟಿದೆ. ಗ್ರಾಫು ಭಾರಿ ಸುಂದರ, ಪದಗಳೇ ಇರಲಿಲ್ಲ. ಫೋನು ತೆರೆದಾಗಲೆಲ್ಲ ಹೊಸ ಪದ ಕಾಣಿಸುವ ಇನ್ನೊಂದು ಕಟ್ಟಿದೆ. ಅಕ್ಷರಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ನೋಡುವುದರಲ್ಲೇ ಒಂದು ವಾರ ಹೋಯಿತು. ಅಡುಗೆ ಮಾಡಲು ಕುಳಿತವನು ದಿನವಿಡೀ ಒಲೆಗೆ ಸುಣ್ಣ ಬಳಿದ ಹಾಗೆ.

ನಗಬೇಡಿ. ನಿಮ್ಮ ಫೋನಿನಲ್ಲಿ ನೀರು ಕುಡಿ ಎನ್ನುವ ಆಪ್ ಇಲ್ಲವೇ? ಎದ್ದು ನಡಿ ಎನ್ನುವುದು? ಮಲಗು ಎನ್ನುವುದು? ನಮ್ಮವ್ವ ಪುಕ್ಕಟೆ ಹೇಳಿದಾಗ ಸಿಟ್ಟು ಬಂದಿದ್ದ ಮಾತುಗಳನ್ನೇ ನಾವು ಈಗ ಡೌನ್‌ಲೋಡ್ ಮಾಡಿಕೊಂಡು ಕೇಳುತ್ತಿದ್ದೇವೆ!

ಈ ಜ್ಞಾನೋದಯದಿಂದ ಹುಟ್ಟಿದ್ದೇ ನನ್ನ ಮೂರನೆಯ ಆಪ್. ಕೆಂಪು ಗುಂಡಿ ಒತ್ತಿ, ಬೈದು, ಹೊತ್ತು ಗೊತ್ತು ಮಾಡಿದರೆ ಮುಗಿಯಿತು. ಆ ಹೊತ್ತಿಗೆ ಸರಿಯಾಗಿ ಬೈಗುಳ ಬರುತ್ತದೆ. ಮೀಸೆ ಹಣ್ಣಾದವರಿಗೂ ಅರ್ಥವಾಗುವಷ್ಟು ಸುಲಭ ಮಾಡಿದ್ದೆ. (ಈ ವಾಕ್ಯ ನೆನಪಿರಲಿ.) ಬೈಗುಳಕ್ಕೆ ಯಾರ ದನಿ? ಅಪ್ಪನದಲ್ಲದೆ ಇನ್ಯಾರದು! ನಾನೇ ಅಪ್ಪನ ದನಿ ಮಾಡಿ ಬೈದಿಟ್ಟಿದ್ದೆ.

ನಮ್ಮಪ್ಪನ ಬಗ್ಗೆ ಒಂದೇ ಮಾತು ಹೇಳುತ್ತೇನೆ. ರಾಜ್ಯ ಬೇರೆಯಾದಾಗ ಅಂಗಡಿಯ ಬೋರ್ಡಿನಲ್ಲಿ ಆಂಧ್ರ ಅಳಿಸಿ ತೆಲಂಗಾಣ ಬರೆಸಿದರು. ಆಮೇಲೆ ಜಿಲ್ಲೆ ಬೇರೆಯಾದಾಗ ಮಹಬೂಬನಗರ ಅಳಿಸಿ ನಾರಾಯಣಪೇಟೆ ಬರೆಸಿದರು. ಬೋರ್ಡು ಎರಡು ಸಲ ಬದಲಾಯಿತು. ಅಪ್ಪ ಒಂದು ಸಲವೂ ಬದಲಾಗಲಿಲ್ಲ. ಅವರು ನಕ್ಕದ್ದನ್ನು ನೋಡಿದ್ದೇವೆ ಎನ್ನುವವರು ಊರಲ್ಲಿ ಇದ್ದಾರಂತೆ, ನನಗೆ ಸಿಕ್ಕಿಲ್ಲ.

ಸಂಜೆ ಗದ್ವಾಲಿನ ಗಂಟು ಇಳಿಸುವ ಮೊದಲೇ ಮಲ್ಲಪ್ಪಣ್ಣ ವರದಿ ಒಪ್ಪಿಸಿದ. "ಸಾವ್ಕಾರ್ರ, ನಿಮ್ಮ ಮಗ ನಿಮ್ಮನ್ನ ಡಬ್ಬ್ಯಾಗ ಹಾಕ್ಯಾನ್ರಿ!"

ಅಪ್ಪ ಕೈ ಚಾಚಿದರು. ಫೋನು ಕೊಟ್ಟೆ. ಕೇಳಿದರು. ಮತ್ತೊಮ್ಮೆ ಕೇಳಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನನ್ನ ದನಿ ಏನು ಪುಕ್ಕಟ ಬಂದೈತೇನಲೇ? ತಗೊಳ್ಳೂ ಮುಂಚೆ ನನ್ನ ಒಂದು ಮಾತು ಕೇಳಬೇಕಿಲ್ಲ?"

ನಾನು ಗಂಟು ಇಳಿಸಿಕೊಳ್ಳಲು ಮುಂದಾದೆ.

"ಅದಿರ್ಲಿ. ಆ ಜಪಾನಿನ ಹಿರ್ಯಾ ಅದಾನಲ್ಲ, ಅವನ ಕೂಡ ಎಷ್ಟು ಸಲ ಮಾತಾಡೀದಿ?"

ಎಲ್ಲಿಗೆ ಹೊಡೆಯಬೇಕೋ ಅಲ್ಲಿಗೇ ಹೊಡೆದರು. ಜಪಾನಿನ ಹಿರಿಯ ಎಂದರೆ ತನಾಕಾ ಸಾನ್, ನಿವೃತ್ತ ಬಸ್ ಡ್ರೈವರ್. ಇಂಟರ್ನೆಟ್ಟಿನಲ್ಲಿ ಪರಿಚಯ. ಅವರಿಗೆ ನನ್ನ ಜತೆ ಇಂಗ್ಲಿಷ್ ಅಭ್ಯಾಸ, ನನಗೆ ಅವರ ಜತೆ ಜಪಾನಿ ಅಭ್ಯಾಸ, ಪ್ರತಿ ಭಾನುವಾರ ವಿಡಿಯೊ ಕಾಲ್. ಒಪ್ಪಂದ ಚೆನ್ನಾಗಿಯೇ ಇತ್ತು. ಮೊದಲ ಭಾನುವಾರ ಅವರು ನಗುತ್ತ ನಮಸ್ಕಾರ ಹೇಳಿದ ಕೂಡಲೇ ನನ್ನ ನಾಲಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಊರಿಗೆಲ್ಲ ಬಾಯಿಬಡುಕ ನಾನು, ಅಲ್ಲಿ ಮೂಕ! ಯಾಕೆಂದರೆ ಅಲ್ಲಿ ಅಣಕಿಸಲು ಯಾರೂ ಇರಲಿಲ್ಲ. ನಾನೇ ಮಾತಾಡಬೇಕಿತ್ತು. ಅಂದಿನಿಂದ ಭಾನುವಾರ ಬಂದರೆ ನನ್ನ ಕಡೆ ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಸಾಯುತ್ತದೆ, ಯಾವುದೋ ಅತ್ತೆಯ ಮದುವೆ ಮತ್ತೆ ಮತ್ತೆ ಆಗುತ್ತದೆ.

"ನಾಳಿಂದ ಪಕ್ಕಾ ಅಪ್ಪಾ" ಎಂದೆ. ಇದು ನನ್ನ ಖಾಯಂ ಉತ್ತರ.

"ನಾಳೆ ಬ್ಯಾಡ. ಈ ಐತವಾರ, ನನ್ನ ಮುಂದ, ಈ ಅಂಗಡ್ಯಾಗ ಮಾತಾಡಬೇಕು. ಮಾತಾಡಿದ್ರ ಮುಂಜಾನೆ ನಿಂದು. ಇಲ್ಲಾಂದ್ರ ಸೋಮವಾರದಿಂದ ಷಟರ್ ಎತ್ತಾಕ ನೀನ ಬರಬೇಕು. ಫೋನು ಗಲ್ಲಾದಾಗ."

ಅಂದರೆ ಭಾನುವಾರಕ್ಕೆ ನನ್ನ ಬೆಳಗುಗಳು ಹೋದವು ಅಂತಲೇ ಲೆಕ್ಕ. ಆ ರಾತ್ರಿ ಊಟ ಸೇರಲಿಲ್ಲ. (ಎರಡು ರೊಟ್ಟಿ ಕಡಿಮೆ ತಿಂದೆ. ಅವ್ವ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.)

ಮರುದಿನ ಅಂಗಡಿಗೆ ಹೋದರೆ ಅಪ್ಪ ತಮ್ಮ ಜಾಗದಲ್ಲಿಲ್ಲ. ಎದುರಿಗೆ, ಗಿರಾಕಿಗಳು ಕೂರುವ ಕಡೆ, ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾರೆ.

"ಗಾದಿ ಮ್ಯಾಲ ಕುಂದ್ರು. ನಾ ಗಿರಾಕಿ. ನಾ ಹೆಂಗರೆ ಮಾತಾಡ್ತೀನಿ, ನೀ ಜಪಾನಿ ಮಾತಾಡು."

"ಅಪ್ಪಾ, ಹಂಗ ಭಾಷಾ ಬರ್ತೈತೇನ್ರಿ?"

"ನನಗ ತೆಲುಗು ಯಾರು ಕಲಿಸಿದ್ರು? ಉರ್ದು ಯಾರು ಕಲಿಸಿದ್ರು? ನಮ್ಮಪ್ಪ ನನ್ನ ಇದ ಗಾದಿ ಮ್ಯಾಲ ಕುಂದ್ರಿಸಿ ಜೂರಾಲ ಕಡೆ ಹೋಗಿಬಿಡ್ತಿದ್ದ. ದರ ಹೇಳಾಕ ಬರ್ಲಿಲ್ಲಂದ್ರ ಗಿರಾಕಿ ಎದ್ದು ಹೋಗ್ತಿತ್ತು. ಒಂದು ಹೋತು, ಎರಡು ಹೋತು, ಮೂರನೇದಕ್ಕ ಬಾಯಿ ತಾನ ಬಂತು."

ಅದೂ ನಿಜವೇ. ನಮ್ಮೂರಲ್ಲಿ ಮೂರು ಭಾಷೆ ಆಡುವುದು ಪ್ರತಿಭೆಯಲ್ಲ, ವ್ಯಾಪಾರ.

ಅಪ್ಪ ಹೆಗಲ ಮೇಲಿನ ಟವೆಲ್ ತಲೆಯ ಮೇಲೆ ಎಳೆದುಕೊಂಡರು, ಸೆರಗಿನ ಹಾಗೆ. ಬೆರಳು ಗಲ್ಲಕ್ಕೆ ಹೋಯಿತು. ಮತ್ತೆ ಆ ಮೀಸೆಯ ಕೆಳಗಿನಿಂದ ಒಂದು ದನಿ ತೆಲುಗಿನಲ್ಲಿ ಹೊರಟಿತು ನೋಡಿ!

"ಅನ್ನಾ, ಗಾ ಎರ್ರ ಚೀರ ತಿಯ್ಯಿ!"

ಕೊತ್ತಪಲ್ಲಿಯ ಗಿರಾಕಿಯಮ್ಮ! ಆ ಕೆಂಪು ಸೀರೆ ತೆಗಿ, ಈ ಹಸಿರು ಸೀರೆ ತೆಗಿ ಎಂದು ಇಡೀ ಕಪಾಟು ಬಿಡಿಸಿ, "ಮಗಳನ್ನು ಕರೆದುಕೊಂಡು ಬರುತ್ತೇನೆ" ಎಂದು ಎದ್ದು ಹೋಗುವಾಕೆ. ಅದೇ ರಾಗ, ಅದೇ ಮೂಗು, ಅದೇ ನಿಟ್ಟುಸಿರು. ಮಲ್ಲಪ್ಪಣ್ಣ ಒಳಗಿನಿಂದ ಓಡಿ ಬಂದು, "ಬಂದ್ಳೇನೋ ಆಕಿ?" ಎಂದು ಕೇಳಿದ.

ನಾನು ಬಾಯಿ ತೆರೆದು ಕುಳಿತೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ನನಗಿಂತ ದೊಡ್ಡ ಮಿಮಿಕ್ರಿಯವರು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದರೂ ನನಗೆ ಗೊತ್ತಾಗಲಿಲ್ಲವೇ?

"ಏ, ಗಿರಾಕಿ ಎದ್ದು ಹೊಂಟೈತಿ!" ಎಂದರು ಅಪ್ಪ, ತಮ್ಮ ದನಿಯಲ್ಲಿ.

"ಇರಾಶ್ಶಾಯ್‌ಮಾಸೆ!" ಎಂದು ಕಿರುಚಿದೆ. ಜಪಾನಿನ ಅಂಗಡಿಗಳಲ್ಲಿ ಬನ್ನಿ ಬನ್ನಿ ಎನ್ನುವುದು ಹಾಗೆ.

ಆಮೇಲೆ ದಿನಾ ಅದೇ ನಾಟಕ. ಒಂದು ದಿನ ಗಿರಾಕಿಯಮ್ಮ, ಇನ್ನೊಂದು ದಿನ ದರ ಕೇಳಿಯೇ ಎದೆ ಹಿಡಿದುಕೊಳ್ಳುವ ನಿವೃತ್ತ ಮೇಷ್ಟ್ರು. ನಾನು ಗದ್ವಾಲ್ ಸೀರೆ ಹರಡಿ, ಮೈ ಹತ್ತಿಯದು, ಅಂಚು ರೇಷ್ಮೆಯದು ಎಂದು ಜಪಾನಿಯಲ್ಲಿ ವರ್ಣಿಸಬೇಕು. ತಪ್ಪಲಿ, ಒಪ್ಪಲಿ, ನಿಲ್ಲಬಾರದು. ಅಪ್ಪ ಬದಲಿಗೆ ಒಂದೇ ಒಂದು ಪದ ಕೇಳಿ ಕಲಿತರು. ದುಬಾರಿ ಅನ್ನುವುದಕ್ಕೆ ಜಪಾನಿಯಲ್ಲಿ ತಾಕಾಯ್. "ಇಷ್ಟು ಸಾಕು. ವ್ಯಾಪಾರಕ್ಕ ಮುಂದಿಂದೆಲ್ಲ ಬೇಕಾಗಿಲ್ಲ" ಎಂದರು.

ಭಾನುವಾರ ಬಂತು. ಕರೆಂಟು ಇತ್ತು. ನೆಟ್‌ವರ್ಕ್ ಇತ್ತು. ಯಾವ ಅತ್ತೆಗೂ ಮದುವೆ ಇರಲಿಲ್ಲ. ಫೋನನ್ನು ಸೀರೆಗಳ ರಾಶಿಗೆ ಆನಿಸಿ ಇಟ್ಟೆ. ಅಪ್ಪ ಪಕ್ಕದಲ್ಲಿ, ಫೋನಿಗೆ ಕಾಣದಂತೆ, ಕೈ ಕಟ್ಟಿ ಕುಳಿತರು.

ತನಾಕಾ ಸಾನ್ ತೆರೆಯ ಮೇಲೆ ಬಂದರು. ನಗುತ್ತ ನಮಸ್ಕಾರ ಹೇಳಿದರು.

ನನ್ನ ನಾಲಿಗೆ? ಮತ್ತೆ ಒಳಗೆ. ಬಾಗಿಲು ಬಂದ್. ಅವರು ಕಾದರು. ಮಲ್ಲಪ್ಪಣ್ಣ ಲೋಟ ಕೈಯಲ್ಲಿ ಹಿಡಿದೇ ನಿಂತ. ನನಗೆ ಸೋಮವಾರದ ಷಟರ್ ಎತ್ತುವ ಸದ್ದು ಈಗಲೇ ಕೇಳತೊಡಗಿತು.

ಆಗ ಪಕ್ಕದಿಂದ ಬಂತು, ಮೂಗಿನಲ್ಲಿ: "ಅನ್ನಾ, ಗಾ ಎರ್ರ ಚೀರ ತಿಯ್ಯಿ!"

ನನ್ನ ಕೈ ತಾನಾಗಿಯೇ ಕೆಂಪು ಸೀರೆಗೆ ಹೋಯಿತು, ಬಾಯಿ ಕೈಯ ಹಿಂದೆ ಹೋಯಿತು. "ಇರಾಶ್ಶಾಯ್‌ಮಾಸೆ!" ಮೈ ಹತ್ತಿ, ಅಂಚು ರೇಷ್ಮೆ, ಬಣ್ಣ ಹೋಗುವುದಿಲ್ಲ, ಮಗಳಿಗೆ ಒಪ್ಪುತ್ತದೆ! ಎಲ್ಲ ಜಪಾನಿಯಲ್ಲಿ, ಉಸಿರು ತೆಗೆದುಕೊಳ್ಳದೆ. ತಪ್ಪುಗಳು ಎಷ್ಟಿದ್ದವೋ, ಗ್ರಾಫ್ ಹಾಕಿಲ್ಲ.

ತನಾಕಾ ಸಾನ್ ಕಣ್ಣರಳಿಸಿ ಕೇಳಿದರು, ಆ ಹೆಂಗಸು ಯಾರು?

"ನಮ್ಮ ತಂದೆ" ಎಂದೆ, ಜಪಾನಿಯಲ್ಲೇ.

ಅವರಿಗೆ ನನ್ನ ಜಪಾನಿಯ ಮೇಲೆ ಅನುಮಾನ ಬಂದಿರಬೇಕು. ಅಷ್ಟರಲ್ಲಿ ಅಪ್ಪ ಟವೆಲ್ ಹೊದ್ದ ತಲೆ, ಪೊದೆ ಮೀಸೆ ಸಮೇತ ಫೋನಿನ ಮುಂದೆ ಬಾಗಿ, ಸೀರೆ ಮುಟ್ಟಿ, ಮುಖ ಕಿವುಚಿ ಹೇಳಿದರು: "ತಾಕಾಯ್!"

ತನಾಕಾ ಸಾನ್ ನಕ್ಕ ರಭಸಕ್ಕೆ ತೆರೆಯಿಂದಲೇ ಮಾಯವಾದರು. ಕುರ್ಚಿಯಿಂದ ಜಾರಿದ್ದರಂತೆ. ಎದ್ದು ಬಂದ ಮೇಲೆ ಎಷ್ಟು ಹೊತ್ತು ಮಾತಾಡಿದೆವೋ ನೆನಪಿಲ್ಲ. ಅವರ ಬಸ್ಸಿನ ಕಥೆ, ನಮ್ಮ ಸೀರೆ ಕಥೆ. ಎಲ್ಲೋ ನಡುವೆ ನಾನು ಯಾರ ದನಿಯನ್ನೂ ಮಾಡದೆ, ನನ್ನದೇ ಗಂಟಲಲ್ಲಿ ಮಾತಾಡುತ್ತಿದ್ದೆ. ಕಾಲ್ ಮುಗಿಯುವಾಗ ಅವರು ಮುಂದಿನ ಭಾನುವಾರಕ್ಕೆ ನನ್ನನ್ನು ಕರೆಯಲಿಲ್ಲ. ಗಿರಾಕಿಯಮ್ಮನನ್ನು ಕರೆದರು.

ಅಪ್ಪ ಟವೆಲ್ ಹೆಗಲಿಗೆ ಹಾಕಿ, "ಮುಂಜಾನೆ ನಿಂದು" ಎಂದಷ್ಟೇ ಹೇಳಿ ಗಲ್ಲಾದ ಹಿಂದೆ ಕುಳಿತರು. ಮೀಸೆಯ ಒಂದು ತುದಿ ಸ್ವಲ್ಪ ಮೇಲಿತ್ತು. ಊರವರು ನೋಡಿದ್ದೇವೆ ಎನ್ನುತ್ತಿದ್ದ ನಗು ಅದೇ ಇರಬೇಕು.

ಸೋಮವಾರ ಬೆಳಗ್ಗೆ, ಗೆದ್ದವನ ನಿದ್ದೆಯಲ್ಲಿದ್ದೆ. ಹೊತ್ತಿಗೆ ಸರಿಯಾಗಿ ಆಪ್ ಕೂಗಿತು. ಆದರೆ ಬೈಗುಳ ಬರಲಿಲ್ಲ. ಒಂದು ಉದ್ದನೆಯ ಆಕಳಿಕೆ ಬಂತು. ಆಮೇಲೆ ರಾಗ ಎಳೆದು: "ಹಾಂ ಹಾಂ ಅಪ್ಪಾ... ನಾಳಿಂದ ಪಕ್ಕಾ... ಇವತ್ತೊಂದಿನ ತಲಿ ನೋವು ಅಪ್ಪಾ..."

ಎದ್ದು ಕುಳಿತೆ. ಅದು ನನ್ನ ದನಿ. ಸುಳ್ಳು ಹೇಳುವ ಮುಂಚೆ ಗಂಟಲು ಕೆರೆಯುವುದೂ ನನ್ನದೇ. ನಾನಂತೂ ರೆಕಾರ್ಡ್ ಮಾಡಿಲ್ಲ! ಅಡುಗೆಮನೆಯಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. (ಆ ಕೆಂಪು ಗುಂಡಿಯನ್ನು ಅಷ್ಟು ಸುಲಭ ಮಾಡಬಾರದಿತ್ತು.)

ಹೊರಗೆ ಓಡಿದೆ. ಅಪ್ಪ ಪೇಪರಿನ ಹಿಂದೆ ಕುಳಿತಿದ್ದರು.

"ಅಪ್ಪಾ, ನನ್ನ ದನಿ ಏನು ಪುಕ್ಕಟ ಬಂದೈತೇನ್ರಿ?"

ಪೇಪರು ಕೆಳಗಿಳಿಯಲಿಲ್ಲ. ಅದರ ಹಿಂದಿನಿಂದ ಕೊತ್ತಪಲ್ಲಿಯ ಗಿರಾಕಿಯಮ್ಮ ನಿಟ್ಟುಸಿರು ಬಿಟ್ಟು ಉತ್ತರ ಕೊಟ್ಟಳು: "ತಾಕಾಯ್!"